ಮದ್ದಿಗೂ ಒಂದು ಹೊತ್ತು

(ಆರೋಗ್ಯ ಕುರಿತ ಉಪನ್ಯಾಸವೊಂದರ ಬರಹರೂಪ)



2021ರ ಏಪ್ರಿಲ್, ಮೇ ತಿಂಗಳುಗಳನ್ನು ನಾವಾರೂ ಮರೆಯಲಾರೆವು. ಕೋವಿಡ್ ರೋಗಿಗಳ ಮನೆಯವರು ವೈದ್ಯರ ಚೀಟಿ ಹಿಡಿದು ರೆಮ್‌ಡೆಸಿವಿರ್ ಎಂಬ ಚುಚ್ಚುಮದ್ದಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಕೇಂದ್ರ ಸರ್ಕಾರ ಅದರ ರಫ್ತನ್ನೇ ನಿಷೇಧಿಸಿತು. ಆದರೂ ಕಾಳಸಂತೆಯಲ್ಲಿ ಬೆಲೆ ಹಲವು ಪಟ್ಟು ಏರಿತು. ಮದ್ದು ಸಿಗದೆ ತಮ್ಮವರನ್ನು ಕಳೆದುಕೊಂಡವರು, ‘ಅದೊಂದು ಸಿಕ್ಕಿದ್ದರೆ ಉಳಿಯುತ್ತಿದ್ದರೇನೋ’ ಎಂದು ಇಂದಿಗೂ ಕೊರಗುವುದುಂಟು. ಈ ಕೊರಗಿಗೆ ವಿಜ್ಞಾನದ ಬಳಿ ಏನು ಉತ್ತರವಿದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. ಬ್ಯಾಕ್ಟೀರಿಯ ಸ್ವತಂತ್ರ ಜೀವಿ. ಅದಕ್ಕೆ ತನ್ನದೇ ಸಂಸಾರವಿದೆ. ಪೆನಿಸಿಲಿನ್ ಅದರ ಹೊರಗೋಡೆಯನ್ನು ಕಟ್ಟಗೊಡದೆ ಕೊಲ್ಲುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ಅವಕ್ಕೆ ಆ ಪೆಟ್ಟು ಬೀಳುವುದಿಲ್ಲ. ವೈರಾಣು ಹಾಗಲ್ಲ. ಅದು ನಮ್ಮ ಜೀವಕೋಶದೊಳಗೇ ಬಿಡಾರ ಹೂಡಿ, ನಮ್ಮ ಸಲಕರಣೆಗಳಿಂದಲೇ ತನ್ನ ಸಂತತಿ ಬೆಳೆಸುತ್ತದೆ. ಮನೆಯವರಿಗೆ ಏಟು ತಾಗದಂತೆ ಕಳ್ಳನನ್ನು ಹೊಡೆಯುವುದು ಸುಲಭವಲ್ಲ. ವೈರಾಣುವಿಗೆ ಮದ್ದು ತಡವಾಗಿ ಬಂದದ್ದು ಇದರಿಂದಲೇ.

1918ರ ಇನ್‌ಫ್ಲುಯೆಂಜಾ ಜ್ವರ ಭಾರತದಲ್ಲೇ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ರೋಗಕಾರಕ ಯಾವುದೆಂದೇ ತಿಳಿದಿರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಬೇರ್ಪಡಿಸಿದ್ದು 1933ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮೊದಲ ಮದ್ದು, ಅಮಾಂಟಡಿನ್, ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1966ರಲ್ಲಿ. ಕಾಲಕ್ರಮೇಣ ವೈರಾಣು ಅದಕ್ಕೆ ಬಗ್ಗದಾಯಿತು. 1983ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಈ ವೈರಾಣುವಿನ ಮೈಮೇಲಿನ ನ್ಯೂರಮಿನಿಡೇಸ್ ಎಂಬ ಕಿಣ್ವದ ಆಕಾರವನ್ನು ಬಿಡಿಸಿ ತೋರಿಸಿದರು. ಹೊಸದಾಗಿ ಹುಟ್ಟಿದ ವೈರಾಣುಗಳು ಜೀವಕೋಶದಿಂದ ಕಳಚಿಕೊಂಡು ಹೊರಡಲು ಈ ಕಿಣ್ವವೇ ಕತ್ತರಿ. ಆ ಕತ್ತರಿಯ ಬಾಯಿಗೆ ಸಿಕ್ಕಿಕೊಳ್ಳುವಂತೆ ರೂಪಿಸಿದ ಮದ್ದುಗಳು 1999ರಲ್ಲಿ ಬಳಕೆಗೆ ಬಂದವು. ಅವುಗಳಲ್ಲೊಂದು ಒಸೆಲ್ಟಾಮಿವಿರ್, ಟ್ಯಾಮಿಫ್ಲೂ ಎಂದರೆ ಹೆಚ್ಚು ಜನಕ್ಕೆ ಗೊತ್ತು. ಅದರ ಮೂಲದ್ರವ್ಯವಾದ ಶಿಕಿಮಿಕ್ ಆಮ್ಲವನ್ನು ತೆಗೆಯುತ್ತಿದ್ದುದು ನಮ್ಮ ಪಲಾವಿಗೆ ಬೀಳುವ ಚಕ್ರಮೊಗ್ಗಿನ ಜಾತಿಯ ಮಸಾಲೆಯಿಂದ. ಹಾಗೆಂದು ಪಲಾವು ತಿಂದರೆ ಜ್ವರ ಬಿಡುವುದಿಲ್ಲ. ನಡುವೆ ಎಷ್ಟೋ ರಾಸಾಯನಿಕ ಹಂತಗಳಿವೆ.

ಇಂಥ ಮದ್ದುಗಳು ವೈರಾಣುವಿನ ಬೆಳವಣಿಗೆಯನ್ನು ತಡೆಯುತ್ತವೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಇನ್‌ಫ್ಲುಯೆಂಜಾದಲ್ಲಿ ವೈರಾಣು ತುತ್ತತುದಿಗೇರುವುದು ಮೊದಲ ಎರಡು ಮೂರು ದಿನಗಳಲ್ಲಿ. ಕೋವಿಡ್‌ನಲ್ಲೂ ರೋಗಲಕ್ಷಣ ಕಾಣುವ ಹೊತ್ತಿಗೇ ಅದು ಹೆಚ್ಚಿರುತ್ತದೆ. ರೋಗಿ ಉಸಿರಿಗೆ ಕಷ್ಟಪಟ್ಟು ಆಸ್ಪತ್ರೆ ಸೇರುವುದು ಸಾಮಾನ್ಯವಾಗಿ ವಾರದ ನಂತರ. ಅಷ್ಟರಲ್ಲಿ ವೈರಾಣುವಿನ ಆರ್ಭಟ ತಗ್ಗುತ್ತಿರುತ್ತದೆ. ಶ್ವಾಸಕೋಶವನ್ನು ಸುಡುತ್ತಿರುವುದು ನಮ್ಮದೇ ರೋಗನಿರೋಧಕ ಶಕ್ತಿಯ ಅತಿರೇಕ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ?

ಇದು ಬರಿಯ ತರ್ಕವಲ್ಲ. ಮದ್ದಿನ ಗುಣ ಅರಿಯಲು ಉತ್ತಮ ದಾರಿಯೆಂದರೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸುವುದು. 2020ರ ಮಾರ್ಚಿನಲ್ಲಿ ಬ್ರಿಟನ್ನಿನಲ್ಲಿ ‘ರಿಕವರಿ’ ಎಂಬ ಇಂಥದೊಂದು ಪ್ರಯೋಗ ಶುರುವಾಯಿತು. ಭಾರಿ ಭರವಸೆ ಹುಟ್ಟಿಸಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಆಸ್ಪತ್ರೆ ರೋಗಿಗಳ ಸಾವನ್ನು ತಗ್ಗಿಸಲಿಲ್ಲ. ಎಚ್‌ಐವಿಗೆ ಕೊಡುವ ಲೊಪಿನಾವಿರ್-ರಿಟೊನಾವಿರ್ ಕೂಡ ತಗ್ಗಿಸಲಿಲ್ಲ. ಗೆದ್ದದ್ದು ವೈರಾಣುವಿನ ಗೊಡವೆಗೇ ಹೋಗದ, ಉರಿಯೂತ ತಣಿಸುವ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್. ವೆಂಟಿಲೇಟರ್ ಮೇಲಿದ್ದವರಲ್ಲಿ ಅದು ಸಾವನ್ನು ಸುಮಾರು ಮೂರರಲ್ಲೊಂದು ಪಾಲು ಇಳಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ. ಅದಕ್ಕೂ ಅದರದೇ ಹೊತ್ತು.

ಇನ್ನು ರೆಮ್‌ಡೆಸಿವಿರ್. ಒಂದು ಪ್ರಯೋಗದಲ್ಲಿ ಅದು ಚೇತರಿಕೆಯ ಅವಧಿಯನ್ನು 15 ದಿನದಿಂದ 10ಕ್ಕೆ ಇಳಿಸಿತು. ಆದರೆ 30ಕ್ಕೂ ಹೆಚ್ಚು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ‘ಸಾಲಿಡಾರಿಟಿ’ ಪ್ರಯೋಗದ 2022ರ ಅಂತಿಮ ವರದಿ ನೋಡಿ. ವೆಂಟಿಲೇಟರ್ ಮೇಲಿದ್ದವರಿಗೆ ಅದರಿಂದ ಉಪಯೋಗವಾಗಲಿಲ್ಲ. ಬರಿಯ ಆಮ್ಲಜನಕದ ಮೇಲಿದ್ದವರಲ್ಲಿ, ನೂರಕ್ಕೆ 16ರಷ್ಟಿದ್ದ ಸಾವು 15ರ ಆಸುಪಾಸಿಗೆ ಇಳಿಯಿತು. ಅದೇ ಮದ್ದನ್ನು ರೋಗದ ಮೊದಲ ವಾರದಲ್ಲೇ, ಆಸ್ಪತ್ರೆ ಸೇರುವ ಮೊದಲೇ ಕೊಟ್ಟಾಗ, ಅಪಾಯದ ಅಂಚಿನಲ್ಲಿದ್ದವರು ಆಸ್ಪತ್ರೆ ಸೇರುವ ಪ್ರಮಾಣ ಶೇ. 87ರಷ್ಟು ಕಡಿಮೆಯಾಯಿತು! ಮದ್ದು ಅದೇ, ಹೊತ್ತು ಬೇರೆ. ಆದ್ದರಿಂದ ಕೊರಗುವವರಿಗೆ ಹೇಳಬಹುದು: ನಿಮ್ಮವರ ರೋಗ ಅಷ್ಟು ಬಿಗಡಾಯಿಸಿದ ಮೇಲೆ ಆ ಸೀಸೆ ಸಿಕ್ಕಿದ್ದರೂ ಫಲ ಬೇರೆಯಾಗುವ ಸಂಭವ ತೀರ ಕಡಿಮೆ ಇತ್ತು. ನೀವು ಸೋತದ್ದು ಅಂಗಡಿಯ ಬಾಗಿಲಲ್ಲಿ ಅಲ್ಲ.

ಹಾಗಾದರೆ ಆಸ್ಪತ್ರೆಯಲ್ಲಿ ವೈರಾಣುವಿನ ಮದ್ದೇ ಬೇಡವೇ? ಹಾಗೂ ಅಲ್ಲ. 2009ರ ಎಚ್1ಎನ್1 ಪಿಡುಗಿನಲ್ಲಿ ಹಲವು ದೇಶಗಳ ಆಸ್ಪತ್ರೆ ಸೇರಿದ್ದ 29,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಎರಡು ದಿನದೊಳಗೆ ಒಸೆಲ್ಟಾಮಿವಿರ್ ಬಗೆಯ ಮದ್ದು ಆರಂಭಿಸಿದವರಲ್ಲಿ ಸಾವಿನ ಸಂಭವ ತಡವಾಗಿ ಆರಂಭಿಸಿದವರ ಅರ್ಧದಷ್ಟಿತ್ತು. ಇದು ಚೀಟಿ ಎತ್ತಿ ನಡೆಸಿದ ಪ್ರಯೋಗವಲ್ಲ, ದಾಖಲೆಗಳ ಹೋಲಿಕೆ. ಪುರಾವೆಯ ತೂಕ ಅಷ್ಟರಮಟ್ಟಿಗೆ ಕಡಿಮೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತೀವ್ರ ಇನ್‌ಫ್ಲುಯೆಂಜಾ ರೋಗಿಗಳಿಗೆ ಅದನ್ನು ಷರತ್ತಿನ ಮೇಲೆ ಶಿಫಾರಸು ಮಾಡಿತು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅನುಮಾನ ಬಂದೊಡನೆ ಆರಂಭಿಸುವುದು ಆಸ್ಪತ್ರೆಗಳಲ್ಲಿ ಒಪ್ಪಿತವಾದ ಕ್ರಮ.

ಮನೆಯ ಮಟ್ಟಿಗೆ ಇದರ ಅರ್ಥ ಇಷ್ಟೆ. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಇರುವವರು ಜ್ವರ-ಕೆಮ್ಮು ಬಂದಾಗ ‘ನಾಲ್ಕು ದಿನ ನೋಡೋಣ’ ಎನ್ನದೆ, ಮೊದಲ ಎರಡು ದಿನದಲ್ಲೇ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ ಯಾರೇ ಆಗಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸಲದ ಉಳಿದ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಇನ್‌ಫ್ಲುಯೆಂಜಾಕ್ಕೆ ವರ್ಷವರ್ಷವೂ ಹಾಕಿಸಿಕೊಳ್ಳುವ ಲಸಿಕೆ ಇದೆ. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಅದು ತಮಗೆ ಬೇಕೇ ಎಂದು ಕೇಳುವುದನ್ನು ಮರೆಯಬೇಡಿ.