ಬ್ಯಾಟರಿಯ ಭಾರ, ಕಾರಿನ ಆಕಾರ



2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ‘ರೇವಾ’ ಕಾರನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಎರಡೇ ಬಾಗಿಲು, ಗಿಡ್ಡ ಮೂತಿ, ಸದ್ದಿಲ್ಲದ ಓಟ. ಆಟಿಕೆಯೆಂದು ನಕ್ಕವರೂ ಉಂಟು. ಆದರೆ ಆ ಕಾರು ಹಾಗೇಕೆ ಇತ್ತೆಂಬುದನ್ನು ಅರಿತರೆ ಇಂದಿನ ವಿದ್ಯುತ್ ಕಾರುಗಳ ಗುಟ್ಟು ಅರ್ಧ ತಿಳಿದಂತೆ.

ಬೆಂಗಳೂರಿನ ಮೈನಿ ಸಮೂಹ ಹಾಗೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪೆನಿ 1994ರಲ್ಲಿ ಕೈಜೋಡಿಸಿ ಆರಂಭಿಸಿದ ಸಂಸ್ಥೆಯ ಕೂಸು ಇದು. ಚೇತನ್ ಮೈನಿ ಇದರ ಪ್ರಮುಖ ರೂವಾರಿ. ಅವರ ಮುಂದಿದ್ದ ದೊಡ್ಡ ತೊಡಕೆಂದರೆ ಬ್ಯಾಟರಿ. ಲಿಥಿಯಂ ಬ್ಯಾಟರಿ ಆಗ ತೀರಾ ದುಬಾರಿ. ಕೈಗೆಟಕುತ್ತಿದ್ದುದು ಸೀಸ-ಆಮ್ಲದ ಬ್ಯಾಟರಿ, ಅಂದರೆ ಮನೆಯ ಇನ್ವರ್ಟರಿಗೆ ಜೋಡಿಸುವ ಜಾತಿಯದೇ. ಅಂಥ 6 ವೋಲ್ಟಿನ ಎಂಟು ಬ್ಯಾಟರಿಗಳನ್ನು ಮುಂದಿನ ಸೀಟುಗಳ ಕೆಳಗೆ ಇರಿಸಲಾಯಿತು.

ಲೆಕ್ಕ ಹಾಕಿ ನೋಡಿ. 48 ವೋಲ್ಟನ್ನು 200 ಆಂಪಿಯರ್-ಗಂಟೆಯಿಂದ ಗುಣಿಸಿದರೆ 9.6 ಯೂನಿಟ್ ವಿದ್ಯುತ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್. ಕಾರಿನ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟಿದ್ದ ಬ್ಯಾಟರಿಗಳಲ್ಲಿ ಇದ್ದುದು ಲೀಟರ್ ಪೆಟ್ರೋಲಿಗಿಂತ ತುಸುವೇ ಹೆಚ್ಚು ಶಕ್ತಿ! ಆದರೂ ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಡುತ್ತದೆಂದು ಕಂಪೆನಿ ಹೇಳಿತು. ಪೆಟ್ರೋಲ್ ಎಂಜಿನ್ ತಾನುಂಡ ಶಕ್ತಿಯ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದುಬಿಡುತ್ತದೆ. ವಿದ್ಯುತ್ ಮೋಟಾರ್ ಬಹುಪಾಲನ್ನು ಚಕ್ರಕ್ಕೇ ಕೊಡುತ್ತದೆ.

ಬ್ಯಾಟರಿ ಹಿಗ್ಗಿಸುವಂತಿಲ್ಲವಾದ್ದರಿಂದ ಕಾರನ್ನೇ ಕುಗ್ಗಿಸಲಾಯಿತು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ತಗಡಿನ ಬದಲು ಪ್ಲಾಸ್ಟಿಕ್ ಹೊದಿಕೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಪೇಟೆಯೊಳಗಿನ ಓಡಾಟಕ್ಕೆ ಅಷ್ಟು ಸಾಕೆಂಬುದು ಅವರ ನಂಬಿಕೆ.

ಅಮೆರಿಕದ ಜನರಲ್ ಮೋಟಾರ್ಸ್ 1996ರಲ್ಲಿ ಹೊರತಂದ ‘ಇವಿ1’ ಕಾರಿನದೂ ಮೊದಲು ಸೀಸದ ಬ್ಯಾಟರಿಯೇ. ಆದರೆ ಆಕಾರ ಮಾತ್ರ ನೀರಹನಿಯಂತೆ ನುಣುಪು, ಹಿಂದಕ್ಕೆ ಹೋದಂತೆ ಕಿರಿದು. ಅಲ್ಲಿನ ಹೆದ್ದಾರಿಯ ವೇಗದಲ್ಲಿ ಗಾಳಿಯೇ ಮುಖ್ಯ ಶತ್ರು. ಬೆಂಗಳೂರಿನಲ್ಲಿ ಗಾಳಿಯನ್ನು ಸೀಳುವಷ್ಟು ವೇಗ ಯಾರಿಗೆ ಸಿಕ್ಕೀತು? ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವುದೇ ಇಲ್ಲಿನ ಚಾಲನೆ. ಹೀಗಾಗಿ ರೇವಾ ಎತ್ತರವಾಗಿ, ಪೆಟ್ಟಿಗೆಯಂತಿದ್ದರೂ ನಡೆಯಿತು. ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋ ಆಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಏರ್ಪಾಡೂ ಇತ್ತು. ಪೇಟೆಯ ಓಟದಲ್ಲಿ ಅದು ಲಾಭ.

ಹಗುರತನಕ್ಕೆ ತೆತ್ತ ಬೆಲೆ ಬ್ರಿಟನ್ನಿನಲ್ಲಿ ಗೊತ್ತಾಯಿತು. ಲಂಡನ್ನಿನಲ್ಲಿ ‘ಜಿ-ವಿಜ್’ ಹೆಸರಿನಿಂದ ಮಾರಾಟವಾದ ಇದೇ ಕಾರು ಅಲ್ಲಿನ ಕಾನೂನಿನ ಪ್ರಕಾರ ಕಾರೇ ಅಲ್ಲ, ‘ಕ್ವಾಡ್ರಿಸೈಕಲ್’. ಬ್ಯಾಟರಿ ಬಿಟ್ಟು 400 ಕಿ.ಗ್ರಾಂ. ಮೀರದ ವಾಹನಗಳ ವರ್ಗ ಅದು. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿದಾಗ, ಒಳಗಿದ್ದವರು ಉಳಿಯುವುದು ಕಷ್ಟವೆಂದು ಕಂಡುಬಂತು. ಇದನ್ನು ಕಾರಿನ ಅಭಿಮಾನಿಗಳೂ ಅಲ್ಲಗಳೆಯಲಾಗದು.

ಮುಂದೆ ಲಿಥಿಯಂ ಅಗ್ಗವಾಗುತ್ತ ಬಂತು, ಆಯ್ಕೆಗಳೂ ಬದಲಾದವು. 2012ರ ಟೆಸ್ಲಾ ‘ಮಾಡೆಲ್ ಎಸ್’ ಬ್ಯಾಟರಿಯನ್ನು ಚಾಪೆಯಂತೆ ನೆಲದುದ್ದಕ್ಕೂ ಹಾಸಿತು. ಭಾರ ಕೆಳಗಿದ್ದುದರಿಂದ ತಿರುವಿನಲ್ಲಿ ಕಾರು ಓಲಾಡದು. ಬ್ಯಾಟರಿಯ ಸುತ್ತ ದ್ರವ ಹರಿಸಿ ತಂಪಾಗಿಡುವ ವ್ಯವಸ್ಥೆಯೂ ಬಂತು. 2010ರ ನಿಸ್ಸಾನ್ ‘ಲೀಫ್’ ಆ ಖರ್ಚನ್ನು ಉಳಿಸಿ ಬ್ಯಾಟರಿಯನ್ನು ಬರಿಯ ಗಾಳಿಗೆ ಬಿಟ್ಟಿತ್ತು. ಅರಿಜೋನಾದ ಸುಡುಬಿಸಿಲಿನಲ್ಲಿ ಬ್ಯಾಟರಿಗಳು ಬೇಗ ಸೊರಗಿದವೆಂದು 2012ರಲ್ಲಿ ದೂರುಗಳೆದ್ದವು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಾರು ಓಡಿಸುವವರು ಇದನ್ನು ವಿಚಾರಿಸಿಯೇ ಕೊಳ್ಳುವುದು ಲೇಸು.

ಆದರೆ ಆ ‘ಮಾಡೆಲ್ ಎಸ್’ ಎರಡು ಟನ್ನಿಗೂ ಮಿಕ್ಕಿ ತೂಗುತ್ತಿತ್ತು. ಹೆಚ್ಚು ದೂರ ಓಡಬೇಕೆಂದರೆ ಹೆಚ್ಚು ಬ್ಯಾಟರಿ, ಅದನ್ನು ಹೊರಲು ಗಟ್ಟಿ ಚೌಕಟ್ಟು, ಆ ತೂಕವನ್ನೆಳೆಯಲು ಮತ್ತಷ್ಟು ಬ್ಯಾಟರಿ! ಕೊಂಡವರು ಅದರಲ್ಲಿ ಬಹುತೇಕ ದಿನ ಹೋಗುವುದು ಮಾತ್ರ ಕಚೇರಿಗೆ, ಒಬ್ಬರೇ.

ರೇವಾ ಕಂಪೆನಿ 2010ರಲ್ಲಿ ಮಹೀಂದ್ರ ಪಾಲಾಯಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಒ’ ಬಂದರೂ ಆ ಪುಟ್ಟ ಕಾರಿನ ವಂಶ 2019ಕ್ಕೆ ನಿಂತಿತು. ಅದೇ ಮಹೀಂದ್ರ 2024ರಲ್ಲಿ ಹೊರತಂದ ‘ಎಕ್ಸ್‌ಇವಿ 9ಇ’ ಕಾರಿನ ದೊಡ್ಡ ಬ್ಯಾಟರಿ 79 ಯೂನಿಟ್ಟಿನದು. ಎಂಟು ರೇವಾಗಳಿಗೆ ಹಂಚಬಹುದಾದಷ್ಟು.