ಹಡಗಿನ ಗವಾಕ್ಷಿ



ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಡಗಿನಲ್ಲಿ ಅಲಾಸ್ಕಾ ನೋಡಿಬರುವ ಮಾತು ಬಂತು. ಮೇ ತಿಂಗಳು, ಏಳು ದಿನದ ಪ್ರವಾಸ. ಮಗಳು ಕಂಪ್ಯೂಟರ್ ಮುಂದೆ ಕೂತು, "ಅಮ್ಮಾ, ರೂಮು ಯಾವುದು ಬೇಕು ಹೇಳು. ಒಳಗಡೆ ಇರೋದು, ಕಿಟಕಿ ಇರೋದು, ಬಾಲ್ಕನಿ ಇರೋದು, ಮೂರು ಥರ ಇದೆ" ಅಂದಳು. "ಮಲಗೋದಕ್ಕೆ ಕಿಟಕಿ ಯಾಕೆ, ಒಳಗಿನದೇ ಸಾಕು" ಅಂದರು ನಮ್ಮನೆಯವರು. ನನಗೆ ಕಿಟಕಿಯ ರೂಮೇ ಬೇಕು ಅಂತ ನಾನು ಪಟ್ಟು ಹಿಡಿದೆ. ಯಾಕೆ ಅಂತ ಕೇಳಿದರೆ ಆವತ್ತು ಹೇಳಲು ಗೊತ್ತಾಗಲಿಲ್ಲ. ಊರಿಗೆ ಬಂದ ಮೇಲೆ ಹಡಗಿನ ಕಿಟಕಿಯ ಚರಿತ್ರೆಯನ್ನು ಹುಡುಕಿ ಹುಡುಕಿ ಓದಿದೆ. ಓದಿದ್ದನ್ನೂ ಆ ಏಳು ದಿನ ಕಂಡದ್ದನ್ನೂ ಸೇರಿಸಿ ಇವತ್ತು ಹೇಳುತ್ತೇನೆ.

ಹಡಗಿನ ದುಂಡನೆಯ ಕಿಟಕಿಗೆ ಜರ್ಮನ್ ಭಾಷೆಯಲ್ಲಿ 'ಬುಲ್‌ಆಉಗೆ' ಎನ್ನುತ್ತಾರೆ. ಗೂಳಿಯ ಕಣ್ಣು ಎಂದು ಅರ್ಥ. ಡೆನ್ಮಾರ್ಕಿನವರು ಹಸುವಿನ ಕಣ್ಣು ಎನ್ನುತ್ತಾರೆ. ನಮ್ಮ ಗವಾಕ್ಷಿಯೂ ಅದೇ ಅಲ್ಲವೇ? ಗೋವಿನ ಅಕ್ಷಿ. ಉತ್ತರ ಸಮುದ್ರದ ನಾವಿಕರಿಗೂ ನಮ್ಮ ಗುಡಿ ಕಟ್ಟಿದ ಶಿಲ್ಪಿಗಳಿಗೂ ಗೋಡೆಯ ದುಂಡು ಕಿಂಡಿಯನ್ನು ಕಂಡಾಗ ಒಂದೇ ಪ್ರಾಣಿಯ ಕಣ್ಣು ನೆನಪಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದಕ್ಕೇ ಈ ಮಾತಿನಲ್ಲಿ ಅದನ್ನು ಗವಾಕ್ಷಿ ಎಂದೇ ಕರೆಯುತ್ತೇನೆ.

ಹಡಗು ಕಟ್ಟುವವನಿಗೆ ಪಕ್ಕೆಯಲ್ಲಿ ತೂತು ಕೊರೆಯುವುದೆಂದರೆ ಮೊದಲಿನಿಂದಲೂ ಭಯ. ಹಳೆಯ ಯುದ್ಧನೌಕೆಗಳ ಪಕ್ಕೆಯಲ್ಲಿ ಫಿರಂಗಿಯ ಮೂತಿ ಹೊರಗೆ ಚಾಚಲು ಚೌಕಾಕಾರದ ಕಿಂಡಿಗಳಿದ್ದವು. 1545ರಲ್ಲಿ ಇಂಗ್ಲೆಂಡಿನ 'ಮೇರಿ ರೋಸ್' ಯುದ್ಧದ ನಡುವೆ ವಾಲಿದಾಗ ತೆರೆದಿದ್ದ ಆ ಕಿಂಡಿಗಳಿಂದಲೇ ನೀರು ನುಗ್ಗಿ ಮುಳುಗಿತು. 1628ರಲ್ಲಿ ಸ್ವೀಡನ್ನಿನ 'ವಾಸಾ' ಮೊದಲ ಯಾನಕ್ಕೆ ಹೊರಟ ದಿನವೇ, ಇನ್ನೂ ಬಂದರಿನ ನೀರಿನಲ್ಲಿರುವಾಗಲೇ, ಇದೇ ರೀತಿ ತಳ ಸೇರಿತು. ಹೀಗಿರುವಾಗ ಪ್ರಯಾಣಿಕರಿಗಾಗಿ ಕಿಟಕಿ ಇಡುವವರು ಯಾರು? ಕೆಳಗಿನ ಅಂತಸ್ತಿಗೆ ಬೆಳಕು ಬೇಕಾದರೆ ಮೇಲಿನ ಹಲಗೆಯಲ್ಲಿ ದಪ್ಪ ಗಾಜಿನ ಪಟ್ಟಕವನ್ನು ತಲೆಕೆಳಗಾಗಿ ಕೂರಿಸುತ್ತಿದ್ದರು. ಬಿಸಿಲು ಅದರೊಳಗೆ ಹಾದು ಕೆಳಗೆ ಹರಡುತ್ತಿತ್ತು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಹಂಚಿನ ನಡುವೆ ಗಾಜಿನ ಹಂಚು ಇಡುತ್ತಿದ್ದೆವಲ್ಲ, ಅದೇ ಉಪಾಯ. ಬೆಳಕು ಬರುತ್ತದೆ, ನೋಟವಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರ ಜನವರಿಯಲ್ಲಿ, ಚಳಿಗಾಲದ ಅಟ್ಲಾಂಟಿಕ್ಕಿನಲ್ಲಿ, ಕುನಾರ್ಡ್ ಕಂಪನಿಯ 'ಬ್ರಿಟಾನಿಯಾ' ಹಡಗಿನಲ್ಲಿ ಹೆಂಡತಿಯೊಂದಿಗೆ ಅಮೆರಿಕಕ್ಕೆ ಹೊರಟ. ಆಗಿನ ಕಾಲಕ್ಕೆ ಅದು ಹೆಸರುವಾಸಿಯಾದ ಹಡಗು. ಹಾಲಿಗೆಂದು ಒಂದು ಹಸುವನ್ನೂ ಜೊತೆಗೆ ಸಾಗಿಸುತ್ತಿದ್ದರು. ಆದರೆ ಕೋಣೆಯನ್ನು ನೋಡಿ ಆತ ಹೌಹಾರಿದ. ತಂದ ಪೆಟ್ಟಿಗೆಯನ್ನು ಒಳಗೆ ತೂರಿಸುವುದೇ ಆಗದಷ್ಟು ಚಿಕ್ಕ ಜಾಗ. ಹದಿನೆಂಟು ದಿನ ಬಿರುಗಾಳಿಯಲ್ಲಿ ನರಳಿ ಬಾಸ್ಟನ್ ಸೇರಿದ. ವಾಪಸ್ಸು ಬರುವಾಗ ಹಬೆಹಡಗೇ ಬೇಡವೆಂದು ಹಾಯಿಹಡಗು ಹತ್ತಿದ. ಆ ಕಾಲದಲ್ಲಿ ಹಡಗಿನ ಕೋಣೆ ಎಂದರೆ ಸಹಿಸಿಕೊಳ್ಳಬೇಕಾದ ಜಾಗ. ಅಲ್ಲಿ ಕೂತು ಸಮುದ್ರ ನೋಡುವುದು ಯಾರ ಕಲ್ಪನೆಯಲ್ಲೂ ಇರಲಿಲ್ಲ.

1871ರಲ್ಲಿ ವೈಟ್ ಸ್ಟಾರ್ ಕಂಪನಿಯ 'ಓಷಿಯಾನಿಕ್' ಬಂದಾಗ ಸ್ವಲ್ಪ ಬದಲಾವಣೆಯಾಯಿತು. ಮೊದಲ ದರ್ಜೆಯ ಕೋಣೆಗಳನ್ನು ಹಡಗಿನ ಹಿಂತುದಿಯಿಂದ ಮಧ್ಯಕ್ಕೆ ತಂದರು, ಗವಾಕ್ಷಿಗಳನ್ನು ದೊಡ್ಡದು ಮಾಡಿದರು. ತಕ್ಕಡಿಯ ದಂಡದ ತುದಿಗಳು ಎಷ್ಟು ತೂಗಾಡಿದರೂ ನಡುಭಾಗ ಕಡಿಮೆ ಆಡುತ್ತದೆ. ಹಡಗೂ ಹಾಗೆಯೇ. ಇವತ್ತಿಗೂ ಹೊಟ್ಟೆ ತೊಳಸುವವರಿಗೆ ನಡುಭಾಗದ, ಕೆಳ ಅಂತಸ್ತಿನ ರೂಮೇ ಒಳ್ಳೆಯದೆಂದು ಹೇಳುವುದು ಇದೇ ಕಾರಣಕ್ಕೆ.

ಆಗ ಭಾರತಕ್ಕೆ ಬರುತ್ತಿದ್ದ ಹಡಗುಗಳಲ್ಲಿ ಕಿಟಕಿಯ ಲೆಕ್ಕವೇ ಬೇರೆ. ಕೆಂಪು ಸಮುದ್ರದ ಧಗೆಯಲ್ಲಿ ಗವಾಕ್ಷಿ ಬೇಕಾದದ್ದು ಗಾಳಿಗೆ. ತಗಡಿನ ಮೊರದಂಥ ಒಂದು ಸಾಧನವನ್ನು ಗವಾಕ್ಷಿಯಿಂದ ಹೊರಚಾಚಿ, ಬೀಸುವ ಗಾಳಿಯನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಕೋಣೆಯ ಮಾಡಿನಿಂದ ಗಾಳಿ ಬಿಡುವ ತಿರುಗುಮೂತಿಗೆ ಹಡಗಿನವರು ಇಂದಿಗೂ 'ಪಂಖಾ ಲೂವರ್' ಎನ್ನುತ್ತಾರೆ. ನಮ್ಮ ಪಂಖದ ಹೆಸರೇ ಅದು. ಇಂಗ್ಲಿಷಿನ 'ಪಾಷ್' ಎಂಬ ಮಾತು ಹುಟ್ಟಿದ್ದೂ ಭಾರತದ ಹಡಗಿನಲ್ಲಿ ಎಂದು ಬಹಳ ಜನ ಹೇಳುತ್ತಾರೆ. ಬರುವಾಗ ಎಡಮಗ್ಗುಲು, ಹೋಗುವಾಗ ಬಲಮಗ್ಗುಲು, ಅಂದರೆ ಎರಡು ಸಲವೂ ಉತ್ತರದ ನೆರಳು, ಹಣವಂತರಿಗೆ ಆ ಕೋಣೆಗಳು ಎಂಬ ಕಥೆ. ಇಂಗ್ಲಿಷಿನಲ್ಲಿ ಆ ನಾಲ್ಕು ಮಾತುಗಳ ಮೊದಲಕ್ಷರ ಸೇರಿದರೆ 'ಪಾಷ್'. ಆದರೆ ಆ ಅಕ್ಷರಗಳನ್ನು ಒತ್ತಿದ ಒಂದು ಟಿಕೆಟ್ಟೂ ಸಿಕ್ಕಿಲ್ಲ. ಪದದ ಕಥೆ ಕಟ್ಟುಕಥೆಯೇ. ನೆರಳಿನ ಕಡೆಯ ಕೋಣೆ ಹಿತವೆಂಬುದು ಮಾತ್ರ ನಿಜ. ರಂಗೂನಿಗೆ ಹೋಗುತ್ತಿದ್ದ ಬಿಬಿ ಲೈನ್ ಎಂಬ ಹಡಗು ಕಂಪನಿಯವರು ಇನ್ನೊಂದು ಜಾಣತನ ಮಾಡಿದರು. ಒಳಗಿನ ಕೋಣೆಗೆ ಒಂದು ಸಣ್ಣ ಓಣಿಯಂಥ ಬಾಲ ಸೇರಿಸಿ, ಅದರ ಕೊನೆಗೆ ಒಂದು ಗವಾಕ್ಷಿ ಇಟ್ಟರು. ಹೀಗೆ ಒಳಗಿನವನಿಗೂ ಅಂಗೈ ಅಗಲದ ಆಕಾಶ ಸಿಕ್ಕಿತು. 'ಬಿಬಿ ಕ್ಯಾಬಿನ್' ಎಂಬ ಹೆಸರು ಹಡಗು ಕಟ್ಟುವವರ ಬಾಯಲ್ಲಿ ಹಾಗೇ ಉಳಿಯಿತು.

ಗಾಳಿಗಾಗಿ ಇದ್ದ ಕಿಟಕಿ ನೋಟದ ಕಿಟಕಿಯಾದದ್ದು ಚಳಿಯ ನೀರಿನಲ್ಲಿ ಎಂಬುದು ನಾನು ಓದಿ ತಿಳಿದದ್ದರ ಸಾರ.

ಹ್ಯಾಂಬರ್ಗಿನಲ್ಲಿ ಹಡಗು ಕಂಪನಿ ನಡೆಸುತ್ತಿದ್ದ ಆಲ್ಬರ್ಟ್ ಬಾಲಿನ್‌ಗೆ ಒಂದು ತಲೆನೋವಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗುಗಳು ಸುಮ್ಮನೆ ಬಿದ್ದಿರುತ್ತಿದ್ದವು. 1891ರ ಜನವರಿಯಲ್ಲಿ 'ಆಗುಸ್ಟಾ ವಿಕ್ಟೋರಿಯಾ' ಎಂಬ ಹಡಗನ್ನು ಮೆಡಿಟರೇನಿಯನ್ ಕಡೆ ಬರೀ ವಿಹಾರಕ್ಕೆಂದು ಕಳಿಸಿದ. ಅದು ಗೆದ್ದಿತು. ಮುಂದೆ ಬೇಸಗೆಯಲ್ಲಿ ನಾರ್ವೆಯ ಕಡೆಗೂ ಯಾನಗಳು ಹೊರಟವು. ಊರು ಸೇರುವುದಕ್ಕಲ್ಲ, ನೋಡುವುದಕ್ಕೇ ಹಡಗು ಹತ್ತುವ ರೂಢಿ ಬೆಳೆದದ್ದು ಹೀಗೆ.

ನಾರ್ವೆಯದು ಇನ್ನೊಂದು ಕಥೆ. ಆ ದೇಶದ ಉತ್ತರದ ಊರುಗಳಿಗೆ ಟ್ರೊಂಡ್‌ಹೈಮ್‌ನಿಂದ ಒಂದು ಕಾಗದ ಹೋಗಲು ಬೇಸಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಹಿಡಿಯುತ್ತಿತ್ತಂತೆ. ಬಂಡೆಗಳ ನಡುವಿನ ದಾರಿ, ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯನೇ ಮೇಲೇಳದ ಕತ್ತಲು, ಇದರಲ್ಲಿ ರಾತ್ರಿ ಹಡಗು ನಡೆಸುವವರು ಯಾರು? ರಿಚರ್ಡ್ ವಿಥ್ ಎಂಬ ಕಪ್ತಾನ ಒಪ್ಪಿಕೊಂಡ. ಅವನೂ ಅವನಿಗೆ ದಾರಿ ತೋರುತ್ತಿದ್ದ ಆಂಡರ್ಸ್ ಹೋಲ್ಟೆಯೂ ಎಷ್ಟು ನಿಮಿಷ ಯಾವ ದಿಕ್ಕಿಗೆ ಹೋದರೆ ಯಾವ ತಿರುವು ಬರುತ್ತದೆಂದು ವರ್ಷಗಟ್ಟಲೆ ಬರೆದಿಟ್ಟುಕೊಂಡಿದ್ದರು. 1893ರ ಜುಲೈ 2ರಂದು 'ವೆಸ್ಟೆರಾಲೆನ್' ಟ್ರೊಂಡ್‌ಹೈಮ್ ಬಿಟ್ಟು ಸುಮಾರು 67 ಗಂಟೆಗಳಲ್ಲಿ ಹ್ಯಾಮರ್‌ಫೆಸ್ಟ್ ಸೇರಿತು. 'ಹುರ್ಟಿಗ್ರೂಟೆನ್', ಅಂದರೆ ವೇಗದ ದಾರಿ, ಎಂಬ ಆ ಮಾರ್ಗ ಇಂದಿಗೂ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ ನಡೆಯುತ್ತಿದೆ. ಮೀನು, ಊರಿನ ಜನ, ಇವರ ಜೊತೆಯಲ್ಲೇ ಕಿಟಕಿಗೆ ಮೂಗು ಒತ್ತಿ ಕೂರುವ ಪ್ರವಾಸಿಗಳೂ ಹೋಗುತ್ತಾರೆ.

ಇನ್ನು ನಾವು ನೋಡಿಬಂದ ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿ ಅಲ್ಲಿನ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರ ತವರು. ಹದಿನೆಂಟನೆಯ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರನ್ನು ಅಲ್ಲಿಂದ ಎಬ್ಬಿಸಿತು. 1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ಜನ ಬಂದಾಗ ಆ ಕೊಲ್ಲಿ ಬಹುಪಾಲು ಹಿಮದ ಗೋಡೆಯೇ. 1879ರಲ್ಲಿ ನಿಸರ್ಗ ಲೇಖಕ ಜಾನ್ ಮ್ಯೂರ್ ಟ್ಲಿಂಗಿಟ್ ಅಂಬಿಗರ ದೋಣಿಯಲ್ಲಿ ಬರುವ ಹೊತ್ತಿಗೆ ಹಿಮ 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1883ರಲ್ಲಿ ಕಪ್ತಾನ ಜೇಮ್ಸ್ ಕ್ಯಾರಲ್ 'ಐಡಾಹೊ' ಎಂಬ ಹಬೆಹಡಗನ್ನು ಆ ಕೊಲ್ಲಿಯೊಳಗೆ ತಂದ. ಅದರಲ್ಲಿದ್ದ ಎಲೈಜಾ ಸಿಡ್‌ಮೋರ್ ಎಂಬ ಪತ್ರಕರ್ತೆ ಬರೆದ ಅಲಾಸ್ಕಾ ಪುಸ್ತಕ 1885ರಲ್ಲಿ ಬಂತು. ಓದಿದವರು ಟಿಕೆಟ್ಟು ಕೊಂಡರು, ಹಡಗುಗಳು ತುಂಬಿದವು. 1899ರ ಭೂಕಂಪದಲ್ಲಿ ಹಿಮನದಿ ಒಡೆದು ಕೊಲ್ಲಿಯೆಲ್ಲ ಗಡ್ಡೆಗಳಿಂದ ಕಟ್ಟಿಕೊಂಡಾಗ ಹಡಗುಗಳು ಅಲ್ಲಿಗೆ ಬರುವುದೇ ನಿಂತಿತು. ಈಗ ಅದು ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ವಿಹಾರ ಹಡಗುಗಳಿಗೆ ಪ್ರವೇಶ.

ಗವಾಕ್ಷಿ ದುಂಡಗೇ ಏಕಿತ್ತು ಎಂಬುದನ್ನೂ ಚಳಿಯ ನೀರೇ ಎಲ್ಲರಿಗೂ ಮನದಟ್ಟು ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಆತುರಾತುರವಾಗಿ 2,700ಕ್ಕೂ ಹೆಚ್ಚು 'ಲಿಬರ್ಟಿ' ಸರಕು ಹಡಗುಗಳನ್ನು ಬೆಸುಗೆ ಹಾಕಿ ಕಟ್ಟಿತು. ಕೆಲವು ತಣ್ಣನೆಯ ಸಮುದ್ರದಲ್ಲಿ ಬಿರುಕು ಬಿಟ್ಟವು. ಚಳಿಗೆ ಆ ಉಕ್ಕು ಪೆಡಸಾಗಿ ಒಡೆಯುತ್ತದೆಂದು ಕೇಂಬ್ರಿಜ್‌ನ ಕಾನ್‌ಸ್ಟೆನ್ಸ್ ಟಿಪ್ಪರ್ ತೋರಿಸಿಕೊಟ್ಟರು. ಎಷ್ಟೋ ಬಿರುಕುಗಳು ಶುರುವಾದದ್ದು ಸರಕು ಇಳಿಸುವ ಬಾಯಿಯ ಚೌಕ ಮೂಲೆಗಳಲ್ಲಿ. ಹೊಲಿಗೆ ಬಲ್ಲ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೌಕ ಕತ್ತಿನ ರವಿಕೆ ಮೊದಲು ಹರಿಯುವುದು ಮೂಲೆಯಲ್ಲೇ. ದುಂಡು ಕತ್ತಿಗೆ ಎಳೆತ ಸುತ್ತಲೂ ಹಂಚಿಹೋಗುತ್ತದೆ. ಇವತ್ತಿನ ಹಡಗುಗಳಲ್ಲಿ ನೀರಿಗೆ ಹತ್ತಿರದ ಅಂತಸ್ತಿನಲ್ಲಿ ಸಾಮಾನ್ಯವಾಗಿ ದುಂಡು ಗವಾಕ್ಷಿ, ಮೇಲಕ್ಕೆ ಹೋದಂತೆ ಅಗಲ ಕಿಟಕಿ. ಆ ಅಗಲ ಕಿಟಕಿಯ ಮೂಲೆಗಳನ್ನೂ ಗಮನಿಸಿ, ಉರುಟು ಮಾಡಿರುತ್ತಾರೆ.

ತಂಪು ಯಂತ್ರ ಬಂದ ಮೇಲೆ ಗಾಳಿಗಾಗಿ ಕಿಟಕಿ ತೆರೆಯಬೇಕಾದ ಅಗತ್ಯ ಹೋಯಿತು. ಗಾಜು ಭದ್ರವಾಗಿ ಕೂತಿತು. 1984ರಲ್ಲಿ ಹೆಲ್ಸಿಂಕಿಯಲ್ಲಿ ಕಟ್ಟಿದ 'ರಾಯಲ್ ಪ್ರಿನ್ಸೆಸ್' ಹಡಗಿನಲ್ಲಿ ಪ್ರಯಾಣಿಕರ ಪ್ರತಿಯೊಂದು ಕೋಣೆಗೂ ಹೊರಗಿನ ನೋಟವಿತ್ತು. ರಾಜಕುಮಾರಿ ಡಯಾನಾ ಅದಕ್ಕೆ ನಾಮಕರಣ ಮಾಡಿದರು. ಆಮೇಲೆ ಬಾಲ್ಕನಿಗಳ ಕಾಲ. ಒಳಗಿನ ಕೋಣೆಯ ಗೋಡೆಗೆ ದುಂಡು ಪರದೆ ಹಾಕಿ, ಹೊರಗಿನ ಕ್ಯಾಮೆರಾದ ಚಿತ್ರ ತೋರಿಸುವುದೂ 2011ರಲ್ಲಿ ಡಿಸ್ನಿಯ ಹಡಗಿನಲ್ಲಿ ಬಂತು.

ಹಾಗಾದರೆ ಚಳಿಯ ಪ್ರವಾಸಕ್ಕೆ ಯಾವ ಕೋಣೆ? ನನ್ನ ಮನಸ್ಸು ಈಗಲೂ ಕಿಟಕಿಯ ಕೋಣೆಗೇ. ಅಲಾಸ್ಕಾದ ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ. ನಮ್ಮ ಆಗುಂಬೆಯ ಹತ್ತಿರ ಹತ್ತಿರ ಅರ್ಧ. ಅಂಥ ಮಳೆಯಲ್ಲಿ, ಕೊರೆಯುವ ಗಾಳಿಯಲ್ಲಿ, ಬಾಲ್ಕನಿಯಲ್ಲಿ ಎಷ್ಟು ಹೊತ್ತು ಕೂತೀರಿ? ಕಿಟಕಿಯ ಒಳಗೆ ಶಾಲು ಹೊದ್ದು ಇಡೀ ದಿನ ಕೂರಬಹುದು. ಬಾಲ್ಕನಿ ಕೊಳ್ಳದೆ ಉಳಿದ ದುಡ್ಡಿಗೆ ಒಂದು ಒಳ್ಳೆಯ ದುರ್ಬೀನು ಬರುತ್ತದೆ.

ಆದರೆ ರೂಮು ಕೊಳ್ಳುವ ಮೊದಲು ಹಡಗಿನ ನಕ್ಷೆ ನೋಡಲೇಬೇಕು. ನಾವು ಅದನ್ನು ಮಾಡಲಿಲ್ಲ. ಮೊದಲ ದಿನ ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿ! ಕಿಟಕಿಯ ಮುಕ್ಕಾಲು ಭಾಗ ಅದರ ಹೊಟ್ಟೆ, ಮೇಲೆ ಒಂದು ಗೇಣು ಆಕಾಶ. ನನಗೆ ಅಳುವೇ ಬಂತು. ಖಾಲಿ ಇದ್ದ ಇನ್ನೊಂದು ರೂಮನ್ನು ಸಿಬ್ಬಂದಿ ಆ ಸಂಜೆ ಕೊಟ್ಟರು. ಒಂದು ಅಂತಸ್ತು ಕೆಳಗೆ, ಮಧ್ಯದಲ್ಲಿ, ಬಲಮಗ್ಗುಲಿಗೆ. ಸಿಯಾಟಲ್‌ನಿಂದ ಹೊರಟ ಹಡಗು ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಮುದ್ರದಲ್ಲಿ ಸಾಗುವಾಗ, ಮೇಲಿನ ಅಂತಸ್ತಿನವರು ಊಟ ಬಿಟ್ಟು ಮಲಗಿದರೂ ನಾವಿಬ್ಬರೂ ಕೂತು ಊಟ ಮಾಡಿದೆವು.

ಮಗ್ಗುಲಿನ ಲೆಕ್ಕವೂ ಸುಲಭ. ಅಲಾಸ್ಕಾ, ನಾರ್ವೆ ಎರಡೂ ಪಶ್ಚಿಮ ಕರಾವಳಿ. ಉತ್ತರಕ್ಕೆ ಹೋಗುವಾಗ ಬಲಗಡೆ ದೊಡ್ಡ ನೆಲ. ಮಂಗಳೂರಿನಿಂದ ಕಾರವಾರಕ್ಕೆ ನೀರ ಮೇಲೆ ಹೋದರೂ ಹಾಗೆಯೇ ತಾನೇ? ಒಂದೇ ಕಡೆಗೆ ಹೋಗುವ ಟಿಕೆಟ್ಟಾದರೆ ಇದನ್ನು ನೋಡಿಕೊಳ್ಳಬೇಕು. ಹೋಗಿ ಬರುವುದಾದರೆ ಯಾವ ಮಗ್ಗುಲಾದರೂ ಸರಿ.

ಹೊಸ ರೂಮಿನ ಕಿಟಕಿ ನನ್ನ ಮಂಡಿಯಿಂದ ತಲೆಯವರೆಗೆ ಎತ್ತರವಿತ್ತು. ಕೆಳ ಅಂಚಿನಲ್ಲಿ ಬೆಳಗಿನ ಹೊತ್ತು ನೀರಿನ ಹನಿ ಕಟ್ಟುತ್ತಿತ್ತು. ಒಳಗಿನ ಬಿಸಿ ಉಸಿರು ತಣ್ಣನೆಯ ಚೌಕಟ್ಟಿಗೆ ತಾಗಿ ಆಗುವ ಹನಿ. ಕೈವಸ್ತ್ರ ಮಡಿಸಿ ಅಲ್ಲಿಟ್ಟೆ. ನಾಲ್ಕನೆಯ ದಿನ ಗ್ಲೇಸಿಯರ್ ಬೇ. ನೀರಿನ ಮೇಲೆ ಸಣ್ಣ ಹಿಮದ ತುಂಡುಗಳು ತೇಲಿ ಬರುತ್ತಿದ್ದವು, ಒಂದರ ಮೇಲೆ ಒಂದು ಕಡಲಹಕ್ಕಿ. ಮಾರ್ಜೆರಿ ಹಿಮನದಿಯ ಎದುರು, ಒಂದು ಮೈಲಿ ಅಗಲದ ಆ ಗೋಡೆಯ ಮುಂದೆ ಹಡಗು ನಿಂತು, ಎರಡೂ ಮಗ್ಗುಲಿನವರಿಗೂ ಕಾಣಲೆಂದು ನಿಧಾನವಾಗಿ ಸುತ್ತಿತು. ನಮ್ಮ ಕಿಟಕಿಯ ಎಡ ಅಂಚಿನಿಂದ ನೀಲಿ ಹಿಮ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಂದು ಪೂರ್ತಿ ತುಂಬಿಕೊಂಡಿತು. ಒಳಗಿನ ರೂಮೇ ಸಾಕೆಂದಿದ್ದ ನಮ್ಮನೆಯವರು ಕುರ್ಚಿ ಎಳೆದುಕೊಂಡು ಬಂದು ಗಾಜಿಗೆ ಹಣೆ ತಾಗಿಸಿ ಕೂತರು.

ಅಷ್ಟರಲ್ಲಿ ಗೋಡೆಯ ಒಂದು ಭಾಗ ಕಳಚಿ ನೀರಿಗೆ ಬಿತ್ತು. ಮನೆಯೆತ್ತರ ನೀರು ಚಿಮ್ಮಿತು. ಸದ್ದು ಮಾತ್ರ ಕೇಳಿಸಲಿಲ್ಲ, ಗಾಜು ಅಷ್ಟು ದಪ್ಪ. ಟ್ಲಿಂಗಿಟ್ ಜನ ಆ ಸದ್ದಿಗೆ ಬಿಳಿ ಗುಡುಗು ಎಂದು ಹೆಸರಿಟ್ಟಿದ್ದಾರೆಂದು ಮಗಳು ಹೇಳಿದ್ದಳು. ಟೋಪಿ ಹಾಕಿಕೊಂಡು, ಸ್ವೆಟರಿನ ಮೇಲೆ ಕೋಟು ತೊಟ್ಟು ಇಬ್ಬರೂ ಡೆಕ್ಕಿಗೆ ಹೋದೆವು. ಕಾಲು ಗಂಟೆ ಕಾದೆವು. ಮೊದಲು ಒಂದು ಚಟಪಟ, ಆಮೇಲೆ ಎದೆಗೆ ತಾಗುವಂಥ ಗುಡುಗು. ಅದನ್ನು ಕೇಳಿಸಿಕೊಂಡು, ಮರಗಟ್ಟಿದ ಕೈಗಳನ್ನು ಉಜ್ಜಿಕೊಳ್ಳುತ್ತಾ ಮತ್ತೆ ಕೆಳಗಿಳಿದು ಕಿಟಕಿಯ ಹತ್ತಿರ ಕೂತೆವು.