ಕಂಪ್ಯೂಟರು ಬದಲಾದಾಗ ನಾವು ಪಟ್ಟ ಪಾಡು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆಯ ಮೇಲೆ ನಿಂತು ಮಾತಾಡುವುದು ನಮ್ಮ ಕಸುಬಲ್ಲ. ಬೇರೆಯವರು ಆಡಿದ ಮಾತನ್ನು ಅಚ್ಚು ಹಾಕಿ ಕೊಡುವುದು ನಮ್ಮ ಕಸುಬು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ನಾವು ಅಂತ ಹೇಳ್ತಿರೋದು ದೊಡ್ಡಸ್ತಿಕೆಗಲ್ಲ. ಅಂಗಡಿಯಲ್ಲಿ ಮೂವರಿದ್ದೇವೆ, ಮೂವರ ಅನುಭವವೂ ಈ ಮಾತಿನಲ್ಲಿ ಸೇರಿದೆ. ನಿಮ್ಮ ಸಂಘದ ವಾರ್ಷಿಕ ವರದಿ, ಸರ್ವಸದಸ್ಯರ ಸಭೆಯ ನೋಟೀಸು, ಪಾಸ್‌ಬುಕ್ಕು, ರಸೀತಿ ಪುಸ್ತಕ ಎಲ್ಲವೂ ಇಷ್ಟು ವರ್ಷ ನಮ್ಮಲ್ಲೇ ತಯಾರಾದುವು. ಆ ವಿಶ್ವಾಸಕ್ಕೆ ಕರೆದಿದ್ದಾರೆ ಅಂತ ಮೊದಲು ತಿಳಿದಿದ್ದೆವು. ಆಮೇಲೆ ಕಾರ್ಯದರ್ಶಿಗಳು ಫೋನಿನಲ್ಲಿ ನಿಜವಾದ ಕಾರಣ ಹೇಳಿದರು. "ಹೊಸ ಸಾಫ್ಟ್‌ವೇರು ಬಂದಿದೆ ಸ್ವಾಮಿ. ಎಲ್ಲಿ ಏನಿದೆ ಅಂತಲೇ ಗೊತ್ತಾಗ್ತಿಲ್ಲ. ಕೌಂಟರಿನಲ್ಲಿ ಕೂರೋ ಹೆಣ್ಣುಮಗಳನ್ನ ಜನ ಬೈತಾರೆ, ಅವಳು ಕೆಲಸವೇ ಬಿಟ್ಟುಬಿಡ್ತೀನಿ ಅಂತಾಳೆ. ನೀವು ಇಂಥದ್ದನ್ನೆಲ್ಲ ಅನುಭವಿಸಿದೋರು, ಬಂದು ನಾಲ್ಕು ಮಾತು ಹೇಳಿ" ಅಂದರು.

ಅನುಭವಿಸಿದ್ದು ನಿಜ. ಆದ್ದರಿಂದ ಉಪದೇಶ ಬಿಟ್ಟು ನಮ್ಮ ಪಾಡನ್ನೇ ಹೇಳ್ತೇವೆ.

ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಅಲ್ಲಿ. ನಿಮ್ಮಂಥ ಸಂಘಗಳ ಕೃಷಿ ಸಾಲಕ್ಕೆ ಮೇಲಿನ ಮನೆಯಾದ ಅಪೆಕ್ಸ್ ಬ್ಯಾಂಕು ಇರುವುದೂ ಅಲ್ಲೇ. ಹಾಗಾಗಿ ಅಕ್ಷರಕ್ಕೂ ಸಹಕಾರಕ್ಕೂ ನಮ್ಮ ಪೇಟೆಯಲ್ಲಿ ಹಳೇ ನೆಂಟಸ್ತಿಕೆ. ಅಲ್ಲಿನ ಗಲ್ಲಿಗಲ್ಲಿಯಲ್ಲೂ ಪ್ರೆಸ್ಸುಗಳಿದ್ದುವು. ನಮ್ಮ ಹಿರಿಯರ ಕಾಲದಲ್ಲಿ ನಮ್ಮದೂ ಟ್ರೆಡಲ್ ಪ್ರೆಸ್ಸೇ. ಕನ್ನಡದ ಅಕ್ಷರಕ್ಕೆ, ಗುಣಿತಕ್ಕೆ, ಒತ್ತಿಗೆ ಬೇರೆ ಬೇರೆ ಸೀಸದ ಮೊಳೆ. ಅವನ್ನು ಇಡೋದಕ್ಕೆ ಮರದ ಕೇಸು, ಕೇಸಿನ ತುಂಬ ಗೂಡು. ನುರಿತ ಕಂಪೋಜಿಟರು ಗೂಡನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ತಾನಾಗಿಯೇ ಮೊಳೆಯ ಹತ್ತಿರಕ್ಕೆ ಹೋಗೋದು.

ಒಂದು ಮಳೆಗಾಲ ಮಾಡು ಸೋರಿತು. ಕೇಸನ್ನು ಎಡಗಡೆಯ ಗೋಡೆಯಿಂದ ಎತ್ತಿ ಬಲಗಡೆಗೆ ಇಟ್ಟೆವು. ಗೂಡು ಯಾವುದೂ ಬದಲಾಗಿರಲಿಲ್ಲ, ಒಂದು ಮೊಳೆಯೂ ಕಡಿಮೆಯಾಗಿರಲಿಲ್ಲ. ಆದರೂ ಮೂವತ್ತು ವರ್ಷ ಮೊಳೆ ಜೋಡಿಸಿದ್ದ ನಮ್ಮ ಹಿರಿಯ ಕಂಪೋಜಿಟರು ಆವತ್ತು ಒಂದು ಲಗ್ನಪತ್ರಿಕೆಗೆ ಅರ್ಧ ದಿನ ತೆಗೆದುಕೊಂಡರು. ಕೈ ಹೋದ ಕಡೆ ಗೋಡೆ ಸಿಗೋದು! "ನನಗೆ ಅಕ್ಷರ ಮರೆತಿಲ್ಲ ಕಣಪ್ಪ, ಕೈಗೆ ದಾರಿ ಮರೆತಿದೆ" ಅಂದರು. ನಿಮ್ಮ ಕೌಂಟರಿನ ಹೆಣ್ಣುಮಗಳಿಗೆ ಇವತ್ತು ಆಗಿರೋದು ಇಷ್ಟೇ. ಲೆಕ್ಕ ಬಾರದವಳಲ್ಲ. ಅವಳ ಕೇಸನ್ನು ಯಾರೋ ಆಚೆ ಗೋಡೆಗೆ ಇಟ್ಟಿದ್ದಾರೆ.

ಆಮೇಲೆ ಕಂಪ್ಯೂಟರು ಬಂತು. ಮೊಳೆ ಹೋಯಿತು, ಅದರ ಜೊತೆ ಎಷ್ಟೋ ಜನರ ಅನ್ನವೂ ಹೋಯಿತು. ಆ ಕಥೆ ಇನ್ನೊಂದು ದಿನಕ್ಕೆ ಇರಲಿ. ಉಳಿದವರಿಗೆ ಬಂದ ಕಷ್ಟ ಬೇರೆ. ಒಂದೊಂದು ಕಂಪೆನಿಯ ಕನ್ನಡ ಸಾಫ್ಟ್‌ವೇರಿಗೂ ಒಂದೊಂದು ಥರದ ಕೀಲಿಮಣೆ. ಕೆಲವು ಅನಂತಸುಬ್ಬರಾಯರ ಟೈಪ್‌ರೈಟರಿನ ಕ್ರಮ ಹಿಡಿದುವು, ಕೆಲವು ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಅಂದುವು, ಉಳಿದುವು ತಮಗೆ ತೋಚಿದಂತೆ ಮಾಡಿಕೊಂಡುವು. ಬಸವನಗುಡಿಯ ಒಂದು ಅಂಗಡಿಯಲ್ಲಿ ಕಲಿತ ಹುಡುಗ ಮಲ್ಲೇಶ್ವರದ ಇನ್ನೊಂದು ಅಂಗಡಿಗೆ ಕೆಲಸಕ್ಕೆ ಹೋದರೆ ಅಲ್ಲಿ ಮತ್ತೆ ಅ ಆ ಇ ಈ.

ಈ ಗೊಂದಲದಿಂದ ನಮ್ಮನ್ನು ಪಾರುಮಾಡಿದವರು ಕೆ.ಪಿ. ರಾವ್. ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಅವರು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಕನ್ನಡವೆಲ್ಲ ಹಿಡಿಸುವ ಹಾಗೆ, ಉಚ್ಚಾರದ ಪ್ರಕಾರ ಒಂದು ವಿನ್ಯಾಸ ಮಾಡಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕೇ, ನಡುವೆ 'ಎಫ್' ಒತ್ತಿ. ಇಷ್ಟೇ! ಅದನ್ನು ತಮ್ಮ ಸ್ವತ್ತು ಅಂತ ಬೀಗ ಹಾಕಿ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿಕೊಂಡದ್ದು ಇದರ ಆಧಾರದ ಮೇಲಿನ ವಿನ್ಯಾಸವನ್ನೇ. ಕನ್ನಡ ಗಣಕ ಪರಿಷತ್ತು ತಯಾರಿಸಿದ 'ನುಡಿ'ಯಲ್ಲಿ ಬಂದದ್ದೂ ಇದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲಂತೂ ಮನೆಮನೆಯಲ್ಲಿ ಕನ್ನಡ ಟೈಪು ಶುರುವಾಯಿತು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ.

ಆ ಕಾಲದ ಕನ್ನಡ ಒಂದು ಥರದ ವೇಷ. ಕಂಪ್ಯೂಟರಿನ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ಮುಖವಾಡ ಹಾಕುತ್ತಿತ್ತು. ಫಾಂಟು ತೆಗೆದರೆ ಮುಖವಾಡ ಕಳಚಿ ಬೀಳೋದು. 'ಕನ್ನಡ' ಅಂತ ಟೈಪ್ ಮಾಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು 'ಪಿ', ನೆತ್ತಿಯ ಮೇಲೆ ಗೀಟು ಎಳೆದ ಒಂದು 'ಎ', ಆಮೇಲೆ ಇಂಗ್ಲೆಂಡಿನ ಪೌಂಡ್ ಗುರುತು! ರಾಜ್ಯೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಪೌಂಡ್ ಗುರುತು ಕಂಡು ಗಿರಾಕಿಯೊಬ್ಬರು "ಇದರ ಬೆಲೆ ಎಷ್ಟು ಸಾರ್?" ಅಂತ ಕೇಳಿದ್ದುಂಟು. ಅಕಾರಾದಿಯಾಗಿ ಹೆಸರು ಜೋಡಿಸು ಅಂದರೆ ಆ ಯಂತ್ರ ಒಳಗಿನ ಸಂಕೇತದ ಪ್ರಕಾರ ಜೋಡಿಸೋದು; ನಮ್ಮ ಕಗಳಿಗೂ ಖಗಳಿಗೂ ಅಲ್ಲಿ ಸಂಬಂಧವೇ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಲೋಕದ ಎಲ್ಲ ಲಿಪಿಗಳಿಗೂ ಅವುಗಳದೇ ಸ್ವಂತ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ನಮ್ಮ ಗಲ್ಲಿಗೆ ಬಂದು ತಲುಪೋದಕ್ಕೆ ಇಪ್ಪತ್ತು ವರ್ಷ ಹತ್ತಿರ ಹಿಡಿಯಿತು. ಯಾಕೆಂದರೆ ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು; ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಹೊಸದಕ್ಕೆ ಹೋದರೆ ಮೆನು ಬೇರೆ, ಚಿತ್ರ ಬೇರೆ, ಹೆಸರು ಬೇರೆ. ಬಹಳ ವರ್ಷ ನಾವು ಎರಡು ಕಂಪ್ಯೂಟರು ಇಟ್ಟುಕೊಂಡು, ಇತ್ತ ಹಳೇದು ಅತ್ತ ಹೊಸದು ಅಂತ ದೋಣಿ ಮೇಲೆ ಕಾಲಿಟ್ಟವರ ಹಾಗೆ ಸಂಸಾರ ನಡೆಸಿದೆವು.

ಕೊನೆಗೆ ಬದಲಾದಾಗ ಒಂದು ವಿಚಿತ್ರ ಕಂಡೆವು. ಟೈಪ್ ಮಾಡುವವರಿಗೆ ಏನೂ ಕಷ್ಟವಾಗಲಿಲ್ಲ! ಒಳಗೆ ಎಲ್ಲ ಬುಡಮೇಲಾಗಿತ್ತು, ಆದರೆ 'ಕೆ' ಒತ್ತಿದರೆ ಅದೇ ಕ, ನಡುವೆ ಅದೇ 'ಎಫ್'. ಬೆರಳಿಗೆ ಬದಲಾವಣೆ ಗೊತ್ತೇ ಆಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೆ.ಪಿ. ರಾಯರ ದೊಡ್ಡ ಉಪಕಾರ ಇದೇ.

ಇದಕ್ಕೆ ತಿರುಗುಮುರುಗು ಆದದ್ದೂ ಉಂಟು. ಮೈಕ್ರೋಸಾಫ್ಟಿನವರು 2007ರ ಆಫೀಸಿನಲ್ಲಿ ಹಳೆಯ ಮೆನುಗಳನ್ನು ತೆಗೆದು ರಿಬ್ಬನ್ನು ತಂದರು. ಪ್ರಿಂಟ್ ಎಂಬುದು ಹೆಸರೇ ಬರೆಯದ ಒಂದು ದುಂಡು ಗುಂಡಿಯೊಳಗೆ ಹೋಗಿ ಕೂತಿತು. 2010ರ ಆವೃತ್ತಿಯಲ್ಲಿ 'ಫೈಲ್' ಅನ್ನೋದು ವಾಪಸು ಬಂತು. 2012ರ ವಿಂಡೋಸ್ 8ರಲ್ಲಿ ಎಡಗಡೆ ಮೂಲೆಯ ಸ್ಟಾರ್ಟ್ ಬಟನ್ನನ್ನೇ ತೆಗೆದರು. ಬಳಸುವವರು ಗಲಾಟೆ ಮಾಡಿದರು. 2013ರಲ್ಲಿ ಬಟನ್ನು ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು. ಅಷ್ಟು ದೊಡ್ಡ ಕಂಪೆನಿಯೇ ಜನರ ಮಾತಿಗೆ ಹಿಂದೆ ಸರಿಯಿತು ಅಂದಮೇಲೆ, ನಿಮಗೆ ತೊಂದರೆ ಕೊಡುವ ಪರದೆಯ ವಿಷಯವನ್ನು ನೀವು ಮೇಲಿನವರಿಗೆ ಬರೆದು ತಿಳಿಸದೆ ಸುಮ್ಮನಿರೋದು ಯಾಕೆ? ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತೆ. ಯಾವ ಪರದೆ, ಯಾವ ಗುಂಡಿ, ಏನು ಒತ್ತಿದಾಗ ಏನಾಯಿತು ಅಂತ ಕಾಗದದ ಮೇಲೆ ಬರೆಯಿರಿ.

ಈಗ ನಮ್ಮ ತಪ್ಪಿನ ಕಥೆ. ಇದನ್ನು ಹೇಳಬೇಕೆಂದೇ ಇಷ್ಟು ದೂರ ಬಂದಿದ್ದೇವೆ.

ಪರದೆ ಬದಲಾದ ಗಡಿಬಿಡಿಯಲ್ಲಿ ಎಲ್ಲರ ಗಮನವೂ ಪರದೆಯ ಮೇಲೇ ಇರುತ್ತೆ. ಎಲ್ಲಿ ಒತ್ತಬೇಕು, ಯಾವುದು ಎಲ್ಲಿ ಹೋಯಿತು, ಇದೇ ಚಿಂತೆ. ಆ ಹೊತ್ತಿನಲ್ಲಿ ಒಳಗಿನ ಹಳೆಯ ದಾಖಲೆ ಹೊಸದಕ್ಕೆ ಹೋಗ್ತಾ ಏನಾಯಿತು ಅಂತ ಯಾರೂ ನೋಡೋದಿಲ್ಲ. ನಿಮ್ಮಂಥದ್ದೇ ಇನ್ನೊಂದು ಸಂಘದ ಸದಸ್ಯರ ಪಟ್ಟಿ ನಮ್ಮಲ್ಲಿ ಹಳೆಯ ಫಾಂಟಿನಲ್ಲಿತ್ತು. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಮೊದಲ ಎರಡು ಪುಟ ಓದಿ, "ಚೆನ್ನಾಗಿದೆ" ಅಂತ ಅವರಿಗೆ ಕಳಿಸಿದೆವು. ಹಳೆಯ ಫಾಂಟಿನಲ್ಲಿ 'ಮ' ಅನ್ನೋದು ಒಂದು ಇಡೀ ಅಕ್ಷರವಲ್ಲ. 'ವ'ಕ್ಕೆ ಪಕ್ಕದಲ್ಲಿ ಒಂದು ಕೊಂಡಿ ಸೇರಿಸಿ ಮಾಡಿದ್ದು. ಆ ಕೊಂಡಿ ಎಲ್ಲಾದರೂ ತಪ್ಪಿಹೋದರೆ ಮಲ್ಲಪ್ಪ ವಲ್ಲಪ್ಪ ಆಗ್ತಾನೆ. ಅರ್ಕಾವೊತ್ತಿನದು ಇನ್ನೂ ತೊಡಕು. 'ಧರ್ಮಣ್ಣ' ಅನ್ನುವಾಗ ರಕಾರ ಮೊದಲು, ಮಕಾರ ಆಮೇಲೆ. ಹಳೆಯದರಲ್ಲಿ ಕಣ್ಣಿಗೆ ಕಾಣುವಂತೆ ಮಕಾರದ ನಂತರ ಅದನ್ನು ಇಟ್ಟಿರುತ್ತೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ. ಪರಿವರ್ತನೆ ಮಾಡುವ ತಂತ್ರಾಂಶ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಇಡಲಿಲ್ಲವೋ, ಧರ್ಮಣ್ಣನ ಧರ್ಮ ಕೆಟ್ಟಿತು.

ನಗಬೇಡಿ. ಹಾಗೆ ಕೆಟ್ಟ ಹೆಸರು ಪಾಸ್‌ಬುಕ್ಕಿಗೆ ಹೋಯಿತು. ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಅದೇ ಹೆಸರು, ಸಂಘದ ಪುಸ್ತಕದಲ್ಲಿ ಮಾತ್ರ ಬೇರೆ. ಸಾಲ ನವೀಕರಣಕ್ಕೆ ಬಂದ ಒಬ್ಬ ಹಿರಿಯರಿಗೆ "ಇದು ನಿಮ್ಮ ಖಾತೆ ಅಲ್ಲ" ಅಂದರಂತೆ. ಅವರು ಅಫಿಡವಿಟ್ಟು ಮಾಡಿಸಿ, ಮೂರು ಸಲ ತಾಲ್ಲೂಕಿಗೆ ಅಲೆದರು. ವಿಷಯ ತಿಳಿದು ನಾವೇ ಅವರ ಊರಿಗೆ ಹೋಗಿ ಕ್ಷಮೆ ಕೇಳಿದೆವು. "ಹೋಗ್ಲಿ ಬಿಡ್ರಪ್ಪ, ಯಂತ್ರ ಮಾಡಿದ್ದಕ್ಕೆ ನೀವೇನು ಮಾಡ್ತೀರಿ" ಅಂದು ಮಜ್ಜಿಗೆ ಕೊಟ್ಟರು. ಯಂತ್ರ ಮಾಡಿದ್ದಲ್ಲ. ಎರಡೇ ಪುಟ ಓದಿ ಸುಮ್ಮನಾದದ್ದು ನಾವು. ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ.

ಈಗ ನಿಮ್ಮಲ್ಲಿ ಆಗ್ತಿರೋದು ಇಂಥದ್ದೇ ಬದಲಾವಣೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿನ ಕೆಳಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಅದರ ಉಸ್ತುವಾರಿ. ಒಳ್ಳೆಯ ಕೆಲಸವೇ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದದ್ದು ಕೈಬರಹದ ಪುಸ್ತಕ. ಅಂದಿನಿಂದ ಸದಸ್ಯರಿಗೆ ಬೇಕಾಗಿರೋದು ಮಾತ್ರ ಒಂದೇ, ತಮ್ಮ ಹೆಸರಿನ ಮುಂದೆ ತಮ್ಮ ಲೆಕ್ಕ ಸರಿಯಾಗಿರಬೇಕು.

ಕೌಂಟರಿನ ತಾಯಿಗೆ ಒಂದು ಮಾತು. ನಮ್ಮ ಅಂಗಡಿ ಗೋಡೆಗೆ ನಾವೊಂದು ಹಾಳೆ ಅಂಟಿಸಿದ್ದೆವು. ಎಡಗಡೆ ಹಳೆಯದರಲ್ಲಿ ಏನಂತಿದ್ದರು, ಬಲಗಡೆ ಹೊಸದರಲ್ಲಿ ಅದು ಎಲ್ಲಿದೆ. ಕಂಪೆನಿಯವರು ಕೊಟ್ಟ ದಪ್ಪ ಪುಸ್ತಕಕ್ಕಿಂತ ಆ ಒಂದು ಹಾಳೆ ಕೆಲಸಕ್ಕೆ ಬಂತು, ಯಾಕೆಂದರೆ ಅದರಲ್ಲಿ ನಮಗೆ ದಿನಾ ಬೇಕಾದ ಹದಿನೈದು ಇಪ್ಪತ್ತು ಸಂಗತಿ ಬಿಟ್ಟು ಬೇರೇನೂ ಇರಲಿಲ್ಲ. ಮೂರು ವಾರ ಕಳೆದ ಮೇಲೆ ಯಾರೂ ಅದನ್ನು ನೋಡಲಿಲ್ಲ. ಈಗಲೂ ಅಲ್ಲೇ ಇದೆ, ಮೇಲೆ ಕ್ಯಾಲೆಂಡರು ನೇತುಹಾಕಿದ್ದೇವೆ. ನೀನೂ ಒಂದು ಮಾಡಿಕೊಳ್ಳಮ್ಮ, ನಿನ್ನ ಕೈಯಲ್ಲೇ ಬರಿ. ಆಡಳಿತ ಮಂಡಳಿಯವರು ದೊಡ್ಡ ಮನಸ್ಸು ಮಾಡಿ ಮೂರು ತಿಂಗಳು ದಿನವಹಿಯನ್ನು ಕೈಯಲ್ಲೂ ಬರೆಸಿ, ಸಂಜೆ ಎರಡನ್ನೂ ತಾಳೆ ನೋಡಿಸಿ. ಕೆಲಸ ಎರಡು ಪಟ್ಟು ಆಗುತ್ತೆ ನಿಜ. ಅದಕ್ಕೆ ಇನ್ನೊಬ್ಬರನ್ನು ಜೊತೆಗೆ ಕೂರಿಸಿ. ಅವಳೊಬ್ಬಳ ತಲೆಗೇ ಕಟ್ಟಬೇಡಿ. ಮಾರ್ಚ್ ತಿಂಗಳ ಮರುಪಾವತಿಯ ನೂಕುನುಗ್ಗಲಲ್ಲಿ ಮಾತ್ರ ಯಾವ ಬದಲಾವಣೆಗೂ ಒಪ್ಪಬೇಡಿ.

ನಿಮ್ಮ ಸದಸ್ಯರ ಪಟ್ಟಿಯನ್ನು ಕಾರ್ಯದರ್ಶಿಗಳು ಹೊಸ ಸಾಫ್ಟ್‌ವೇರಿನಿಂದಲೇ ತೆಗೆದು ನಮಗೆ ಕೊಟ್ಟಿದ್ದರು. ದಪ್ಪ ಅಕ್ಷರದಲ್ಲಿ ಮುದ್ರಿಸಿ ತಂದಿದ್ದೇವೆ, ಈ ಸಲ ಖರ್ಚು ನಮ್ಮದು. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪಕ್ಕದಲ್ಲಿ ಕೆಂಪು ಪೆನ್ನುಗಳಿವೆ. ಊಟಕ್ಕೆ ಏಳುವ ಮುಂಚೆ ಒಬ್ಬೊಬ್ಬರೂ ತಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ಶೇರಿನ ಮೊತ್ತ ನೋಡಿ, ತಪ್ಪಿದ್ದರೆ ಗುರುತು ಹಾಕಿ. ಓದೋಕೆ ಕಣ್ಣು ಸಾಲದ ಹಿರಿಯರಿಗೆ ನಮ್ಮ ಅಂಗಡಿ ಹುಡುಗ ಓದಿ ಹೇಳ್ತಾನೆ. ಬೆಳಿಗ್ಗೆ ಮೇಜು ಹಾಕುವಾಗಲೇ ಮೊದಲ ಪುಟದಲ್ಲಿ ಎರಡು ತಪ್ಪು ನಮ್ಮ ಕಣ್ಣಿಗೆ ಬಿದ್ದಿವೆ. ಅದರಲ್ಲಿ ಒಂದು ನಮ್ಮ ಅಧ್ಯಕ್ಷರದೇ.